ಹೊಂಬುಜದ ಮುತ್ತಿನಕೆರೆ

(ಬಸದಿಯ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಬಸದಿಯ ಪ್ರತಿಷ್ಠೆ ಯಾವ ಊರಿನಲ್ಲಿ ನಡೆದರೂ ಅದರ ಮೊದಲ ಕಾರ್ಯಗಳಲ್ಲೊಂದು ನೀರನ್ನು ತರುವುದು. ಕೆರೆಗೋ ಬಾವಿಗೋ ಮಂಗಲವಾದ್ಯಗಳೊಡನೆ ಹೋಗಿ, ಕಲಶಗಳಲ್ಲಿ ಅಗ್ರೋದಕವನ್ನು ತುಂಬಿಸಿಕೊಂಡು, ಸುಮಂಗಲೆಯರ ತಲೆಯ ಮೇಲೆ ಹೊರಿಸಿ ಮೆರವಣಿಗೆಯಲ್ಲಿ ತರುವರು. ಕಲ್ಲು, ಸುಣ್ಣ, ಗಾರೆ, ಶಿಲ್ಪಿಯ ಕೈಚಳಕ ಎಲ್ಲವೂ ಸಿದ್ಧವಾಗಿದ್ದರೂ ನೀರು ಬಾರದೆ ಬಿಂಬಕ್ಕೆ ಸಂಸ್ಕಾರವಿಲ್ಲ. ಬಸದಿಯ ಕೀರ್ತಿಯನ್ನು ಹೇಳುವ ಶಾಸನಗಳು ಅನೇಕವಿವೆ. ಅದರ ಪಕ್ಕದಲ್ಲಿ ಸುಮ್ಮನೆ ಮಲಗಿರುವ ಕೆರೆಯ ಕಥೆಯನ್ನು ಹೇಳುವವರು ಕಡಮೆ. ಆದುದರಿಂದ ಇಂದಿನ ಉಪನ್ಯಾಸಕ್ಕೆ ಒಂದು ಕೆರೆಯೇ ವಿಷಯ.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ, ಶಿವಮೊಗ್ಗದಿಂದ ಸುಮಾರು 60 ಕಿಲೋಮೀಟರು ದೂರದಲ್ಲಿ ಹುಂಚ ಎಂಬ ಗ್ರಾಮವಿದೆ. ಹೊಂಬುಜ ಎಂದು ಭಕ್ತರು ಕರೆಯುವುದೂ ಶಾಸನಗಳು ಪೊಂಬುರ್ಚ ಎಂದು ಕರೆದುದೂ ಈ ಊರನ್ನೇ. ಒಂದು ಕಾಲದಲ್ಲಿ ಸಾಂತಳಿಗೆ ಸಾಸಿರವೆಂಬ ನಾಡಿಗೆ ರಾಜಧಾನಿಯಾಗಿದ್ದ ಈ ಪಟ್ಟಣ ಇಂದು ಗದ್ದೆ, ಅಡಕೆಯ ತೋಟ, ಕಾಡುಗುಡ್ಡಗಳ ನಡುವಿನ ಒಂದು ಹಳ್ಳಿ. ಶ್ರೀ ಪಾರ್ಶ್ವನಾಥ ಸ್ವಾಮಿಯ ಸನ್ನಿಧಿಯೂ ಶ್ರೀ ಪದ್ಮಾವತಿ ಅಮ್ಮನವರ ಆಲಯವೂ ದೇವೇಂದ್ರಕೀರ್ತಿ ಎಂಬ ಪೀಠನಾಮದ ಭಟ್ಟಾರಕರ ಮಠವೂ ಇಲ್ಲಿರುವುದರಿಂದ ಶುಕ್ರವಾರಗಳಲ್ಲಿಯೂ ನವರಾತ್ರಿಯಲ್ಲಿಯೂ ವಾರ್ಷಿಕ ರಥೋತ್ಸವದಲ್ಲಿಯೂ ಜನ ಕಿಕ್ಕಿರಿದು ಸೇರುವರು. ಬಂದವರು ದರ್ಶನ ಮಾಡಿ, ಹರಕೆ ಒಪ್ಪಿಸಿ, ಪ್ರಸಾದ ಸ್ವೀಕರಿಸಿ ಬಸ್ಸಿನ ವೇಳೆಗೆ ಹೊರಟುಬಿಡುವರು. ಮುತ್ತಿನಕೆರೆಯ ದಡದಲ್ಲಿ ಅರ್ಧ ಗಳಿಗೆ ಕುಳಿತು ಎದ್ದವರನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಕೆರೆಯೇನೋ ದೂರದಲ್ಲಿಲ್ಲ, ಅವಸರ ಮಾತ್ರ ಹತ್ತಿರದಲ್ಲಿದೆ.

ನೋಡುವುದಕ್ಕೆ ಅದು ದೊಡ್ಡ ಕೆರೆಯೇನಲ್ಲ. ಬಯಲುಸೀಮೆಯ ಸಾಗರದಂತಹ ಕೆರೆಗಳನ್ನು ಕಂಡವರಿಗೆ ಇದು ಕೊಳವೆಂದೇ ತೋರಬಹುದು. ಉತ್ಸವವಿಲ್ಲದ ದಿನ ಬೆಳಗಿನ ಹೊತ್ತು ಅಲ್ಲಿ ಕೇಳಿಸುವುದು ಹಕ್ಕಿಗಳ ಧ್ವನಿ ಮತ್ತು ಬಸದಿಯ ಕಡೆಯಿಂದ ಬರುವ ಗಂಟೆಯ ನಾದ, ಇಷ್ಟೇ. ಎಂತಹ ಬರಗಾಲದಲ್ಲಿಯೂ ಈ ಕೆರೆ ಬತ್ತುವುದಿಲ್ಲವೆಂಬುದು ಊರಿನವರ ನಂಬಿಕೆ. ಈ ನಂಬಿಕೆಯ ಹಿಂದೆ ಒಂದು ಕಥೆಯಿದೆ. ಕಥೆಯ ಹಿಂದೆ ಒಂದು ರಾಜವಂಶವಿದೆ.

ಸಾಂತರ ವಂಶದ ಮೂಲಪುರುಷ ಜಿನದತ್ತರಾಯನೆಂದು ಪ್ರಸಿದ್ಧಿ. ಉತ್ತರ ಮಧುರೆಯ ಉಗ್ರವಂಶದ ಅರಸ ಸಹಕಾರನು ಬೇಡರ ಕನ್ಯೆಯೊಬ್ಬಳಲ್ಲಿ ಮೋಹಗೊಂಡು, ಕ್ರಮೇಣ ಮಾಂಸಾಹಾರಕ್ಕೆ, ಕೊನೆಗೆ ನರಮಾಂಸಕ್ಕೂ ಇಳಿದನೆಂದು ಕಥೆ. ಅವನ ಮಗನೇ ಜಿನದತ್ತ. ತಂದೆಯ ಮನೆಯಲ್ಲಿ ಪ್ರಾಣಕ್ಕೆ ಕುತ್ತು ಬಂದಾಗ, ಗುರುಗಳಾದ ಸಿದ್ಧಾಂತಕೀರ್ತಿಗಳ ಆದೇಶದಂತೆ ಪದ್ಮಾವತಿಯ ಮೂರ್ತಿಯನ್ನು ಬೆನ್ನಿಗೆ ಕಟ್ಟಿಕೊಂಡು ಕುದುರೆಯೇರಿ ದಕ್ಷಿಣಕ್ಕೆ ಬಂದನು. ದಣಿದು ಒಂದು ಲಕ್ಕಿಗಿಡದ ನೆರಳಿನಲ್ಲಿ ಮಲಗಿದಾಗ ಸ್ವಪ್ನದಲ್ಲಿ ದೇವಿ ಕಾಣಿಸಿಕೊಂಡು, ಇಲ್ಲಿಯೇ ರಾಜ್ಯ ಕಟ್ಟೆಂದು ಅಪ್ಪಣೆ ಕೊಟ್ಟಳು. ಮೂರ್ತಿಗೆ ಮುಟ್ಟಿಸಿದ ಕಬ್ಬಿಣ ಹೊನ್ನಾಯಿತು. ಪೊನ್ನಿನಿಂದ ಕಟ್ಟಿದ ಊರಾದುದರಿಂದ ಪೊಂಬುರ್ಚವೆಂದು ಹೆಸರಾಯಿತೆಂದು ಜನರು ಹೇಳುವರು.

ಹುಂಚದಲ್ಲಿಯೇ ಇರುವ 1077ರ ಶಾಸನದಲ್ಲಿ ಇದೇ ವೃತ್ತಾಂತ ಸ್ವಲ್ಪ ಬೇರೆಯಾಗಿ ಬಂದಿದೆ. ಅಲ್ಲಿ ಜಿನದತ್ತನು ಅಸುರರನ್ನು ಗೆದ್ದ ವೀರ. ಅವನ ಪರಾಕ್ರಮಕ್ಕೆ ಮೆಚ್ಚಿ ಪದ್ಮಾವತಿ ದೇವಿ ಲೊಕ್ಕಿಯ ಮರದಲ್ಲಿ ನೆಲಸಿ ಲೊಕ್ಕಿಯಬ್ಬೆ ಎನಿಸಿಕೊಂಡಳು. ಮನೆಬಿಟ್ಟು ಓಡಿಬಂದ ಬಾಲಕನೋ, ಗೆದ್ದುಬಂದ ವೀರನೋ ಎಂಬ ವಿವಾದ ವಿದ್ವಾಂಸರಿಗಿರಲಿ. ಸುಮಾರು ಒಂಬೈನೂರೈವತ್ತು ವರ್ಷಗಳಿಂದ ಎರಡು ಕಥೆಗಳಲ್ಲಿಯೂ ಬದಲಾಗದೆ ಉಳಿದಿರುವುದು ಆ ಲಕ್ಕಿಗಿಡ. ಹೊಂಬುಜದ ಹೆಗ್ಗುರುತಾಗಿ ಶ್ರೇಷ್ಠವಾದ ಶ್ರೀಗಂಧವಾಗಲಿ ಅರಳಿಯಾಗಲಿ ನಿಲ್ಲಲಿಲ್ಲ. ಬೇಲಿಯಲ್ಲಿ ಬೆಳೆಯುವ ಲಕ್ಕಿ ನಿಂತಿತು. ಹಳೆಯ ಕಾಲದ ಮನೆಗಳಲ್ಲಿ ಕಾಳಿನ ಪಾತ್ರೆಗೆ ಲಕ್ಕಿಸೊಪ್ಪು ಹಾಕಿಡುತ್ತಿದ್ದರು. ಹುಳು ಬಂದ ಮೇಲೆ ಕೊಲ್ಲುವುದಕ್ಕಿಂತ ಬಾರದಂತೆ ಮಾಡುವುದು ಶ್ರಾವಕನಿಗೆ ಮೇಲೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಕೆರೆಯ ಕಥೆ. ರಾಜ್ಯ ಸ್ಥಿರವಾಯಿತು, ಸಂಪತ್ತು ತುಂಬಿತು. ಒಮ್ಮೆ ಜಿನದತ್ತರಾಯನಿಗೆ ಈ ಕೆರೆಯಿಂದ ಎರಡು ಮುತ್ತುಗಳು ದೊರೆತವು. ಒಂದು ನಿರ್ದೋಷವಾದ ದುಂಡು ಮುತ್ತು, ಇನ್ನೊಂದರಲ್ಲಿ ಕುಂದಿತ್ತು. ರಾಯನು ಒಳ್ಳೆಯದನ್ನು ಪಟ್ಟದರಾಣಿಗೆ ಕೊಟ್ಟು, ಕುಂದಿದ್ದುದನ್ನು ಪದ್ಮಾವತಿ ದೇವಿಗೆ ಒಪ್ಪಿಸಿದನು. ಬಳಿಕ ದರ್ಶನಕ್ಕೆಂದು ಆಲಯಕ್ಕೆ ಹೋದಾಗ ದೇವಿಯ ಮೂಗುತಿಯಲ್ಲಿ ಹೊಳೆಯುತ್ತಿದ್ದುದು ರಾಣಿಗೆ ಕೊಟ್ಟ ಮುತ್ತೇ! ರಾಯನು ತಲೆ ತಗ್ಗಿಸಿದನು. ದೇವಿ ಮುನಿದು, ಕಬ್ಬಿಣವನ್ನು ಹೊನ್ನು ಮಾಡುವ ಮಹಿಮೆಯನ್ನು ಹಿಂತೆಗೆದುಕೊಂಡಳು. ರಾಯನು ಕಾಲಿಗೆ ಬಿದ್ದು ಬೇಡಿಕೊಂಡಾಗ, ಹೊನ್ನಿನ ಮಹಿಮೆ ಮರಳದು, ಆದರೆ ಸಾನ್ನಿಧ್ಯ ತಪ್ಪದೆಂದು ಅಭಯವಿತ್ತಳು. ಸಾನ್ನಿಧ್ಯಕ್ಕೆ ಗುರುತೇನು? ಮುತ್ತಿನಕೆರೆ ಬತ್ತದು, ಲಕ್ಕಿಗಿಡ ಬಾಡದು, ಕುಮುದ್ವತಿಯ ಊಟೆ ನಿಲ್ಲದು, ಭಕ್ತರ ಇಷ್ಟಾರ್ಥ ಸಿದ್ಧಿಸುವುದಾದರೆ ದೇವಿಯ ಬಲಭಾಗದಿಂದ ಹೂವು ಬೀಳುವುದು. ಹೇಳುವವರ ಬಾಯಲ್ಲಿ ಕಥೆ ಅಷ್ಟಿಷ್ಟು ಬದಲಾಗುವುದುಂಟು. ಎರಡು ಮುತ್ತುಗಳು ಮಾತ್ರ ಎಲ್ಲರ ಬಾಯಲ್ಲಿಯೂ ಎರಡೇ.

ಈ ಕಥೆಯನ್ನು ಕೇಳಿ ಕೈಮುಗಿದು ಎದ್ದು ಹೋಗುವುದು ಸುಲಭ. ಒಂದು ಪ್ರಶ್ನೆ ಕೇಳಿಕೊಳ್ಳುವುದು ಅದಕ್ಕಿಂತ ಕಷ್ಟ. ಕುಂದಿರುವ ಮುತ್ತನ್ನು ಮುಖ್ಯ ಬಸದಿಯ ಪಾರ್ಶ್ವನಾಥ ಸ್ವಾಮಿಗೆ ಒಪ್ಪಿಸಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಭಗವಂತನು ವೀತರಾಗ. ಒಳ್ಳೆಯ ಮುತ್ತಿಗೆ ಒಲಿಯುವವನೂ ಅಲ್ಲ, ಕೆಟ್ಟ ಮುತ್ತಿಗೆ ಮುನಿಯುವವನೂ ಅಲ್ಲ. ಕೊಟ್ಟವನ ಪರಿಣಾಮ ಕೊಟ್ಟವನ ಆತ್ಮಕ್ಕೆ ಅಂಟುವುದು, ಅಷ್ಟೆ. ಆದುದರಿಂದಲೇ ಈ ಕಥೆಗೆ ಶಾಸನದೇವತೆ ಬೇಕಾದಳು. ತಾನೇ ತಿಳಿಯಬೇಕಾದುದನ್ನು ರಾಯನು ತಿಳಿಯಲಿಲ್ಲ. ದೇವಿ ಮುನಿದು ತಿಳಿಸಬೇಕಾಯಿತು. ವರವನ್ನು ಬಯಸಿ ರಾಗದ್ವೇಷಗಳುಳ್ಳ ದೇವತೆಗಳನ್ನು ಉಪಾಸಿಸುವುದು ದೇವಮೂಢತೆ ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಚ್ಚರಿಸಿರುವರು. ಯಕ್ಷಿಯನ್ನು ಜಿನಧರ್ಮದ ರಕ್ಷಕಿಯೆಂದು ಗೌರವಿಸುವುದು ಬೇರೆ, ಜಿನನ ಸ್ಥಾನದಲ್ಲಿ ಕೂರಿಸಿ ವ್ಯಾಪಾರಕ್ಕೆ ಲಾಭ ಕೇಳುವುದು ಬೇರೆ. ಹೊಂಬುಜಕ್ಕೆ ಹೋಗಿ ಹೂವಿನ ಕಡೆಗೆ ಕಣ್ಣಿಟ್ಟು ಕುಳಿತು, ಪಾರ್ಶ್ವನಾಥ ಸ್ವಾಮಿಯ ಕಡೆಗೆ ತಿರುಗಿಯೂ ನೋಡದೆ ಬರುವವರು ಈ ಭೇದವನ್ನು ಯೋಚಿಸಬೇಕು.

ಮುತ್ತಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುತ್ತು ಸಮುದ್ರದಲ್ಲಿ ಮಾತ್ರ ಹುಟ್ಟುವುದೆಂದು ಅನೇಕರ ಎಣಿಕೆ. ಸಿಹಿನೀರಿನ ಕೆರೆ ಹೊಳೆಗಳ ಚಿಪ್ಪುಗಳಲ್ಲಿಯೂ ಅದು ಹುಟ್ಟುವುದರಿಂದ ಕೆರೆಯಲ್ಲಿ ಮುತ್ತು ಸಿಕ್ಕಿತೆಂಬ ಮಾತು ಅಸಂಭವವಲ್ಲ. ಆದರೆ ಶಂಖ, ಚಿಪ್ಪು ಮುಂತಾದವುಗಳಲ್ಲಿನ ಜೀವ ದ್ವೀಂದ್ರಿಯ ಜೀವ. ಮುತ್ತಿಗಾಗಿ ಚಿಪ್ಪನ್ನು ಒಡೆದರೆ ಹಿಂಸೆಯಾಗುವುದು. ಕಥೆಯಾದರೋ ಮುತ್ತುಗಳು ದೊರೆತವೆಂದು ಹೇಳುವುದೇ ಹೊರತು ರಾಯನು ಚಿಪ್ಪುಗಳನ್ನು ಒಡೆಸಿದನೆಂದು ಹೇಳುವುದಿಲ್ಲ.

ರಾಯನು ಮಾಡಿದುದನ್ನು ಈಗ ಅಂಗಡಿ ಬೀದಿಯಲ್ಲಿ ನಿಂತು ನೋಡಬೇಕು. ತಿನ್ನುವ ಅಡಕೆ ಒಂದು ದರ್ಜೆ, ಪೂಜೆಯ ಅಡಕೆ ಇನ್ನೊಂದು ದರ್ಜೆ. ಒಡೆದು ನೋಡಿದರೆ ಒಳಗೆಲ್ಲ ಕಪ್ಪು. ಊಟದ ಎಣ್ಣೆ ಬೇರೆ, ದೀಪದ ಎಣ್ಣೆ ಬೇರೆ. ಎರಡನೆಯದರ ಡಬ್ಬಿಯ ಮೇಲೆ ತಿನ್ನುವುದಕ್ಕೆ ಯೋಗ್ಯವಲ್ಲವೆಂದು ಅಚ್ಚು ಹಾಕಿರುವುದೂ ಉಂಟು. ನೀರಿಲ್ಲದ ತೆಂಗಿನಕಾಯಿ, ಬಣ್ಣಗೆಟ್ಟ ಕರ್ಪೂರ, ಮೂರು ದಿನದ ಹೂವು ಎಲ್ಲವೂ ದೇವರ ಪಾಲಿಗೆ ಸಲ್ಲುವುವು. ಅಂಗಡಿಯಲ್ಲಿ ಯಾರೂ ತೆಗೆದುಕೊಳ್ಳದ ಹರಿದ ನೋಟು ಕಾಣಿಕೆ ಡಬ್ಬಿಯಲ್ಲಿ ಸೇರಿಕೊಳ್ಳುವುದು. ಅಷ್ಟದ್ರವ್ಯಗಳಲ್ಲಿ ಒಂದಾದ ಅಕ್ಷತೆಯೆಂದರೆ ಮುರಿಯದುದು ಎಂದೇ ಅರ್ಥ. ಆದರೂ ನುಚ್ಚು ಬೆರೆತ ಅಕ್ಕಿಯನ್ನು ಬಸದಿಗೆಂದು ಕಟ್ಟಿಸಿಕೊಳ್ಳುವ ಗೃಹಸ್ಥರು ಎಷ್ಟೋ ಮಂದಿ. ಕೊಳ್ಳುವವರು ಕೇಳುವುದರಿಂದ ಮಾರುವವರು ತರಿಸುವರು. ಮಾರುವವರು ತರಿಸುವುದರಿಂದ ಕೊಳ್ಳುವವರಿಗೆ ಅದೇ ರೂಢಿಯಾಗುವುದು. ತಪ್ಪನ್ನು ಒಂದೇ ಕಡೆಗೆ ಹೊರಿಸುವುದು ನ್ಯಾಯವಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ದಾನದ ವಿಷಯ ಹೇಳುವಾಗ ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ಫಲದಲ್ಲಿ ವಿಶೇಷವುಂಟಾಗುವುದೆಂದು ತಿಳಿಸಿರುವರು. ಕೊಡುವ ಕೈಯೂ ಕೊಳ್ಳುವ ಪಾತ್ರವೂ ಮುಖ್ಯವಾದಂತೆ ಕೊಡುವ ವಸ್ತುವೂ ಮುಖ್ಯ. ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ಅಳತೆ ತೂಕಗಳನ್ನು ಹೆಚ್ಚುಕಡಮೆ ಮಾಡುವುದರ ಜೊತೆಗೆ ಪ್ರತಿರೂಪಕ ವ್ಯವಹಾರವನ್ನೂ, ಎಂದರೆ ಕಲಬೆರಕೆಯನ್ನೂ ಸೇರಿಸಿರುವರು. ಗಿರಾಕಿಗೆ ಕಲಬೆರಕೆ ಕೊಟ್ಟರೆ ಸರ್ಕಾರದ ಕಾಯಿದೆಯುಂಟು. ಬಸದಿಗೆ ಕೊಟ್ಟರೆ ಹಿಡಿಯುವವರಿಲ್ಲ. ಜಿನದತ್ತರಾಯನನ್ನು ಹಿಡಿದುದು ಯಾವ ಕಾಯಿದೆ? ಅವನದೇ ಕಣ್ಣು. ಎರಡೂ ಮುತ್ತುಗಳನ್ನು ಅಂಗೈಯಲ್ಲಿಟ್ಟು ನೋಡಿದ ಕಣ್ಣಿಗೆ ಯಾವುದು ಎಂತಹುದೆಂದು ಗೊತ್ತಿತ್ತು.

ರಾಯನ ಕಥೆಗೆ ಎದುರಾಗಿ ಹೊಂಬುಜದಲ್ಲಿಯೇ ಒಬ್ಬ ವರ್ತಕನ ಕಥೆಯಿದೆ. ಇದು ದಂತಕಥೆಯಲ್ಲ, ಕಲ್ಲಿನ ಮೇಲಿನ ಬರಹ. ವೀರಸಾಂತರನ ಕಾಲದಲ್ಲಿ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯೆಂಬುವನು ಇಲ್ಲಿ ವರ್ತಕರ ಮುಖಂಡನಾಗಿದ್ದನು. 1062ರ ವೇಳೆಗೆ ಇವನು ಪಟ್ಟಣಸ್ವಾಮಿ ಜಿನಾಲಯವನ್ನು ಕಟ್ಟಿಸಿದನು. ಚಿನ್ನ, ಬೆಳ್ಳಿ, ಹವಳ, ರತ್ನ, ಪಂಚಲೋಹಗಳಲ್ಲಿ ಜಿನಬಿಂಬಗಳನ್ನು ಮಾಡಿಸಿದನು. ಅಷ್ಟಕ್ಕೇ ನಿಲ್ಲದೆ ಕೆರೆಗಳನ್ನೂ ಕಟ್ಟಿಸಿದನು. ಅವುಗಳಲ್ಲೊಂದು ಅವನ ಪದವಿಯ ಹೆಸರನ್ನೇ ಹೊತ್ತು ಪಟ್ಟಣಸ್ವಾಮಿಗೆರೆ ಎನಿಸಿತು. ಸಮ್ಯಕ್ತ್ವವಾರಾಶಿ, ಎಂದರೆ ಸಮ್ಯಗ್ದರ್ಶನದ ಸಮುದ್ರವೆಂಬ ಬಿರುದು ಇವನದು. ತಕ್ಕಡಿ ಹಿಡಿದ ಕೈಗೆ ಸಿಕ್ಕ ಬಿರುದುಗಳಲ್ಲಿ ಇದಕ್ಕಿಂತ ಎತ್ತರದ್ದು ಯಾವುದಿದ್ದೀತು! ಬಿಂಬಕ್ಕೆ ರತ್ನ, ಜನರಿಗೆ ನೀರು ಎಂದು ಎರಡನ್ನೂ ಒಂದೇ ಹಣದ ಚೀಲದಿಂದ ತೆಗೆದವನು ಆತ. ಕೆರೆ ಕಟ್ಟಿಸುವುದನ್ನು ಬಸದಿ ಕಟ್ಟಿಸುವುದಕ್ಕಿಂತ ಕೆಳಗಿನ ಕೆಲಸವೆಂದು ಆ ಕಾಲದವರು ಎಣಿಸಲಿಲ್ಲವೆಂಬುದಕ್ಕೆ ಎರಡನ್ನೂ ಕೂಡಿಯೇ ಹೇಳುವ ಶಾಸನ ಸಾಕ್ಷಿ.

1077ರಲ್ಲಿ ಉರ್ವೀತಿಲಕವೆಂಬ ಪಂಚಕೂಟ ಬಸದಿಯನ್ನು ಇಲ್ಲಿ ನಿರ್ಮಿಸಿದ ಚಟ್ಟಲದೇವಿಯೂ ಹಾಗೆಯೇ. ಪತಿಯನ್ನು ಕಳೆದುಕೊಂಡು, ತೀರಿಹೋದ ತಂಗಿಯ ನಾಲ್ವರು ಮಕ್ಕಳನ್ನು ತನ್ನ ಮಕ್ಕಳಂತೆ ಸಾಕಿದ ತಾಯಿ ಆಕೆ. ಅಗಲಿದ ಬಂಧುಗಳ ನೆನಪಿಗೆ ಐದು ಗರ್ಭಗೃಹಗಳ ಬಸದಿಯನ್ನು ಎತ್ತಿಸಿದ ಆಕೆಯ ಪುಣ್ಯಕಾರ್ಯಗಳಲ್ಲಿ ಕೆರೆ ಬಾವಿಗಳೂ ಸೇರಿದ್ದುವು. ಅದಕ್ಕೂ ಹಿಂದೆ, 897ರಲ್ಲಿ ವಿಕ್ರಮಸಾಂತರನು ಮೌನಿ ಸಿದ್ಧಾಂತ ಭಟ್ಟಾರಕರಿಗಾಗಿ ಗುಡ್ಡದ ಬಸದಿಯನ್ನು ಕಟ್ಟಿಸಿದ್ದನು. ಗುಡ್ಡವನ್ನು ಹತ್ತಿದವರು ಈ ಬಸದಿಯನ್ನು ನೋಡದೆ ಇಳಿಯಬಾರದು.

ನೀರಿನ ವಿಷಯದಲ್ಲಿ ಜೈನರ ದೃಷ್ಟಿ ಉಳಿದವರ ದೃಷ್ಟಿಗಿಂತ ಒಂದು ಹೆಜ್ಜೆ ಮುಂದಿದೆ. ನೀರು ಜೀವಕ್ಕೆ ಆಧಾರವೆಂದು ಎಲ್ಲರೂ ಹೇಳುವರು. ನೀರೇ ಜೀವವೆಂದು, ಅಪ್ಕಾಯಿಕ ಏಕೇಂದ್ರಿಯ ಜೀವವೆಂದು ಜಿನಾಗಮ ಹೇಳುವುದು. ಅದರಲ್ಲಿ ಆಶ್ರಯ ಪಡೆದ ತ್ರಸಜೀವಗಳು ಬೇರೆ. ಮನೆಯ ಹಿರಿಯ ಹೆಂಗಸರು ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ತೊಳೆದು ಅದೇ ಬಾವಿಗೆ ಮೆಲ್ಲನೆ ಬಿಡುತ್ತಿದ್ದುದು ಈ ತಿಳಿವಿನಿಂದ. ಕೊಳಾಯಿಯ ನೀರು ಬಂದ ಮೇಲೆ ಸೋಸುವುದು ಕೆಲವು ಮನೆಗಳಲ್ಲಿ ಉಳಿಯಿತು, ಮರಳಿ ಬಿಡುವುದು ಬಹುಮಟ್ಟಿಗೆ ಅಳಿಯಿತು. ಎಲ್ಲಿಗೆ ಮರಳಿ ಬಿಡುವುದು?

ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರ ಉದ್ಯೋಗಗಳ ಪಟ್ಟಿಯೊಂದು ಆಚಾರಗ್ರಂಥಗಳಲ್ಲಿ ಬರುವುದು. ಇದ್ದಿಲು ಸುಡುವುದು, ಕಾಡು ಕಡಿಯುವುದು, ದಂತದ ವ್ಯಾಪಾರ, ವಿಷದ ವ್ಯಾಪಾರ ಇವುಗಳ ಸಾಲಿನಲ್ಲಿಯೇ ಸರಃಶೋಷವೂ ಇದೆ. ಕೆರೆ ಕೊಳಗಳನ್ನು ಬತ್ತಿಸುವುದೆಂದು ಅದರ ಅರ್ಥ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಇದನ್ನು ವಿವರಿಸಿದರು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ಹದಿನೈದನ್ನು ಹೇಳಿ, ಪಾಪದ ಉದ್ಯೋಗಗಳು ಲೆಕ್ಕಕ್ಕೆ ಸಿಗುವಂತಹವಲ್ಲ, ಹೀಗೆ ಎಣಿಸಿ ಹೇಳುವುದು ಮಂದಬುದ್ಧಿಯವರಿಗಾಗಿ ಎಂಬ ಅಭಿಪ್ರಾಯ ಕೊಟ್ಟಿರುವರು. ಗದ್ದೆ ಬೇಸಾಯಕ್ಕಾಗಿ ಕೆರೆಯನ್ನು ಖಾಲಿ ಮಾಡುವುದೇ ಆ ಕಾಲದ ಸರಃಶೋಷ. ಕೆರೆಯನ್ನು ಮುಚ್ಚಿ ನಿವೇಶನಗಳಾಗಿ ಹಂಚುವ ಉದ್ಯೋಗ ಆಗ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೆ ಆಚಾರ್ಯರು ಹದಿನಾರನೆಯದನ್ನು ಸೇರಿಸುತ್ತಿದ್ದರೋ, ಇದೂ ಅದೇ ಎನ್ನುತ್ತಿದ್ದರೋ! ನಿವೇಶನದ ವ್ಯಾಪಾರದಲ್ಲಿ ಕೈಹಾಕಿರುವ ಸಾಧರ್ಮಿಗಳು ಇಂದು ಅನೇಕ ಊರುಗಳಲ್ಲಿರುವುದರಿಂದ ಈ ಮಾತನ್ನು ಹೇಳದೆ ಬಿಡುವುದು ಉಚಿತವಲ್ಲ. ಅಂತಹ ಹಣದಿಂದ ಬಸದಿಗೆ ಬರುವ ದೇಣಿಗೆ ಎರಡು ಮುತ್ತುಗಳಲ್ಲಿ ಯಾವುದೆಂದು ಕೊಡುವವರೂ ಸ್ವೀಕರಿಸುವ ಸಮಿತಿಯವರೂ ಸ್ವಲ್ಪ ಬೆಳಕಿಗೆ ಹಿಡಿದು ನೋಡಬೇಕು.

ಕೆರೆ ತಾನಾಗಿ ಬತ್ತದೆ ಉಳಿಯುವುದೂ ಇಲ್ಲ. ಗುಡ್ಡದ ನೀರು ಮಣ್ಣನ್ನು ತರುವುದು, ಹೂಳು ತುಂಬುವುದು, ಕಳೆ ಹಬ್ಬುವುದು. ಮೇಲಿನ ಕಾಡು ಉಳಿದರೆ ಊಟೆ ಉಳಿಯುವುದು, ಕಾಡು ಹೋದರೆ ಊಟೆ ಹೋಗುವುದು. ದೇವಿ ಕೊಟ್ಟ ಗುರುತುಗಳಲ್ಲಿ ಒಂದಾದ ಕುಮುದ್ವತಿ ಈ ಹುಂಚದ ಗುಡ್ಡಗಳಲ್ಲಿಯೇ ಹುಟ್ಟಿ, ಶಿಕಾರಿಪುರದ ಸೀಮೆಯನ್ನು ದಾಟಿ ಹೋಗಿ ತುಂಗಭದ್ರೆಯನ್ನು ಸೇರುವಳು. ಇಲ್ಲಿಯ ಒಂದು ಹನಿ ಕೆಡದೆ ಉಳಿದರೆ ದೂರದ ಬಯಲಿನ ರೈತನಿಗೆ ಅದು ಮುಟ್ಟುವುದು. ದೇವಿಯ ಮಾತು ವರವೆಂದೇ ಎಲ್ಲರೂ ಹೇಳುವರು. ಆ ಗುರುತುಗಳನ್ನು ಕಾಯುವ ಹೊಣೆ ಯಾರದೆಂದು ಕೇಳಿದರೆ ಅದೇ ಮಾತು ಅಪ್ಪಣೆಯೂ ಆದೀತು.

ಸಾಂತರರ ರಾಜಧಾನಿ ಹೊಂಬುಜದಲ್ಲಿ ಕೊನೆಯವರೆಗೆ ನಿಲ್ಲಲಿಲ್ಲ. ವಂಶ ಕಳಸಕ್ಕೆ, ಅಲ್ಲಿಂದ ಘಟ್ಟದ ಕೆಳಗೆ ಕಾರ್ಕಳಕ್ಕೆ ಸಾಗಿತು. 1432ರಲ್ಲಿ ಕಾರ್ಕಳದ ಬಂಡೆಯ ಮೇಲೆ ಬಾಹುಬಲಿ ಸ್ವಾಮಿಯನ್ನು ನಿಲ್ಲಿಸಿದ ವೀರಪಾಂಡ್ಯನೂ 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರವನೂ ಜಿನದತ್ತರಾಯನ ವಂಶದವರೆಂದೇ ಹೇಳಿಕೊಂಡರು. ಪೊಂಬುರ್ಚದ ಪದ್ಮಾವತಿಯನ್ನು ಮರೆಯಲಿಲ್ಲ. ಅರಮನೆ ಹೋಯಿತು, ಕೋಟೆ ಹೋಯಿತು, ಹೊನ್ನು ಯಾವತ್ತೋ ಹೋಗಿತ್ತು. ಕೆರೆ ಇದ್ದಲ್ಲಿಯೇ ಇದೆ.

ಮುತ್ತಿನಕೆರೆಯನ್ನು ನೋಡಬೇಕೆಂಬವರು ಜಾತ್ರೆಯ ದಿನವನ್ನು ಬಿಟ್ಟು ಸಾಧಾರಣ ದಿನ ಹೋಗುವುದು ಒಳ್ಳೆಯದು. ಮಲೆನಾಡಿನ ಮಳೆ ಜೂನಿನಿಂದ ಸೆಪ್ಟೆಂಬರಿನವರೆಗೆ ಬಲವಾಗಿರುವುದರಿಂದ ವಯಸ್ಸಾದವರಿಗೆ ಗುಡ್ಡದ ಮೆಟ್ಟಿಲು ಜಾರುವ ಭಯವುಂಟು. ನವೆಂಬರಿನ ಮೇಲೆ ಅನುಕೂಲ. ಮೊದಲು ಪಾರ್ಶ್ವನಾಥ ಸ್ವಾಮಿಯ ದರ್ಶನ, ಬಳಿಕ ಅಮ್ಮನವರ ದರ್ಶನ, ಪಂಚಕೂಟ ಬಸದಿಯ ಮುಂದಿನ ಮಾನಸ್ತಂಭ, ಆಮೇಲೆ ಕೆರೆ ಎಂದು ಇಟ್ಟುಕೊಂಡರೆ ಆತುರವಾಗದು. ಮಕ್ಕಳ ಕೈಯಲ್ಲಿ ಕಲ್ಲೆಸೆಯಿಸದಿರುವುದು, ಹೂವಿನ ಹಾರವನ್ನೂ ಪ್ಲಾಸ್ಟಿಕ್ ಚೀಲವನ್ನೂ ನೀರಿಗೆ ಬಿಡದಿರುವುದು ಇವೆರಡನ್ನು ಹೇಳಿಯೇ ಕರೆದುಕೊಂಡು ಹೋಗಬೇಕು.

ಎರಡು ದಿನ ಬಿಡುವುಳ್ಳವರು ಅಲ್ಲಿಂದ ತೀರ್ಥಹಳ್ಳಿಯ ಮೂಲಕ ಹೋಗಿ ಕುಂದಾದ್ರಿಯನ್ನು ಹತ್ತಿ, ಆಗುಂಬೆ ಘಟ್ಟವನ್ನು ಇಳಿದು, ಹೆಬ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ವರಂಗವನ್ನು ನೋಡಬಹುದು. ಹೊಂಬುಜ ಮಠಕ್ಕೆ ಸೇರಿದ ಆ ಕ್ಷೇತ್ರದಲ್ಲಿ ಕೆರೆಯ ದಡದಲ್ಲಿ ಬಸದಿಯಿಲ್ಲ, ಕೆರೆಯ ನಡುವೆಯೇ ನಾಲ್ಕು ಬಾಗಿಲಿನ ಬಸದಿಯಿದೆ. ದೋಣಿಯಲ್ಲಿ ಒಮ್ಮೆಗೆ ಕೆಲವರೇ ಕುಳಿತುಕೊಳ್ಳಬಹುದಾದುದರಿಂದ ಉಳಿದವರು ದಡದಲ್ಲಿ ಕಾಯಬೇಕಾಗುವುದು. ಹೋದ ದೋಣಿ ಹಿಂದಿರುಗುವವರೆಗೆ ನೀರಿನಲ್ಲಿ ಬಸದಿಯ ನೆರಳು ಕದಡಿ, ಮೆಲ್ಲನೆ ಮತ್ತೆ ಕೂಡಿಕೊಳ್ಳುವುದನ್ನು ಅವರು ನೋಡಬಹುದು.

ಜಯ ಜಿನೇಂದ್ರ.